ಒಗೆದ ಮೇಲೆ ಉದುರಿದ ಅಕ್ಷರಗಳು

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಆ ಗಿರಾಕಿ ಬಂದು ನಿಂತಿದ್ದರು. ಕೈಯಲ್ಲಿ ಒಂದು ಚೀಲ. ಏನೂ ಮಾತಾಡದೆ ಅದರಿಂದ ನಾಲ್ಕು ಟಿ-ಶರ್ಟ್ ತೆಗೆದು ಮೇಜಿನ ಮೇಲೆ ಹರಡಿದರು. ಹದಿನೈದು ದಿನದ ಹಿಂದೆ ನಾನೇ ಸ್ಕ್ರೀನ್ ಪ್ರಿಂಟ್ ಹಾಕಿ ಕೊಟ್ಟ ಕಪ್ಪು ಶರ್ಟ್‌ಗಳು ಅವು. ಒಟ್ಟು 220. ಎದೆಯ ಮೇಲೆ ಅಗಲಕ್ಕೆ ಒಂದೇ ಸಾಲು ಅಕ್ಷರ. ಕಪ್ಪು ಬಟ್ಟೆಯಲ್ಲಿ ಹಳದಿ ಎದ್ದು ಕಾಣಲಿ ಅಂತ ಕೆಳಗೆ ಬಿಳಿ ಪದರ (ಅಂಡರ್‌ಬೇಸ್), ಅದರ ಮೇಲೆ ಹಳದಿ.

"ಎರಡು ಸಲ ಒಗೆದದ್ದು ಅಷ್ಟೇ. ನೀವೇ ನೋಡಿ" ಅಂದರು.

ಮೊದಲ ಅಕ್ಷರ ಅರ್ಧ ಹೋಗಿತ್ತು. ಕೊನೆಯ ಎರಡು ಅಕ್ಷರಗಳು ಬಿರುಕು ಬಿಟ್ಟು ಸಿಪ್ಪೆ ಥರ ಎದ್ದಿದ್ದವು. ಕೂಗಾಡಿದ್ದರೆ ನನಗೂ ಏನಾದರೂ ಹೇಳಲು ಆಗುತ್ತಿತ್ತೇನೋ. ಅವರು ಕೂಗಲಿಲ್ಲ. "ಮುಂದಿನ ಶನಿವಾರ ಕಾರ್ಯಕ್ರಮ ಇದೆ" ಅಂತ ಮಾತ್ರ ಹೇಳಿದರು. ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಅವರು ಹೋದ ಮೇಲೆ ನಾಲ್ಕೂ ಶರ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾ ಕೂತೆ. ಮೊದಲು ಇಂಕ್ ಮೇಲೆ ಅನುಮಾನ ಬಂತು. ಆಮೇಲೆ ಬಟ್ಟೆ ಮೇಲೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಬಗ್ಗಿ ನೋಡಿ, "ಸರ್, ಮಧ್ಯದ ಅಕ್ಷರ ಒಂದೂ ಹೋಗಿಲ್ಲ" ಅಂದ. ನಿಜ. ನಾಲ್ಕರಲ್ಲೂ ಹಾಗೇ. ಇಂಕ್ ಕೆಟ್ಟಿದ್ದರೆ ಎಲ್ಲ ಕಡೆ ಉದುರಬೇಕಿತ್ತು, ಅಲ್ವಾ? ಎರಡು ತುದಿ ಮಾತ್ರ ಉದುರಿದೆ ಅಂದರೆ ಅದು ಬಿಸಿಯ ವಿಷಯ.

ಪ್ರಿಂಟ್ ಆದ ಬಟ್ಟೆಗೆ ಪೂರ್ತಿ ಬಿಸಿ ಕೊಡುವ ಡ್ರೈಯರ್ ಆಗ ನನ್ನ ಅಂಗಡಿಯಲ್ಲಿ ಇರಲಿಲ್ಲ. ಪ್ಯಾಲೆಟ್ ಮೇಲೆ, ಅಂದರೆ ಶರ್ಟ್ ಹಾಸುವ ಹಲಗೆಯ ಮೇಲೆ, ತಿರುಗಿಸಿ ನಿಲ್ಲಿಸುವ ಒಂದು ಫ್ಲ್ಯಾಶ್ ಯೂನಿಟ್ ಇತ್ತು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಹಾಕುವ ಮೊದಲು, ಕೆಳಗಿನ ಬಣ್ಣ ಕೈಗೆ ಅಂಟದ ಹಾಗೆ ಮಾಡಲು ಇರುವ ಸಾಧನ ಅದು. ನಾನು ಅದರಲ್ಲೇ ಕೊನೆಯ ಕ್ಯೂರಿಂಗ್, ಅಂದರೆ ಇಂಕ್ ಬಟ್ಟೆಗೆ ಗಟ್ಟಿಯಾಗಿ ಕೂರುವಷ್ಟು ಬಿಸಿ ಕೊಡುವ ಕೆಲಸ ಕೂಡ ಮುಗಿಸುತ್ತಿದ್ದೆ. ಸಣ್ಣ ಡಿಸೈನ್‌ಗಳಿಗೆ ಎರಡು ವರ್ಷ ತೊಂದರೆ ಆಗಿರಲಿಲ್ಲ. ಹಾಗಾಗಿ ಇದೇ ಸಾಕು ಅಂತ ನಂಬಿಬಿಟ್ಟಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಾನು ಬಳಸಿದ್ದ ಪ್ಲಾಸ್ಟಿಸಾಲ್ ಇಂಕ್ ಒಣಗುವುದಿಲ್ಲ. ಅದರಲ್ಲಿ ಆವಿಯಾಗಿ ಹೋಗುವ ನೀರೇ ಇಲ್ಲ. ಎಣ್ಣೆ ಥರದ ದ್ರವದಲ್ಲಿ ಪಿವಿಸಿಯ ಸಣ್ಣ ಕಣಗಳು ತೇಲುತ್ತಿರುತ್ತವೆ. ಬಿಸಿ ಏರಿದಾಗ ಕಣಗಳು ಆ ದ್ರವವನ್ನು ಹೀರಿ ಉಬ್ಬುತ್ತವೆ. ಸಾಮಾನ್ಯ ಪ್ಲಾಸ್ಟಿಸಾಲ್‌ನಲ್ಲಿ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಎಲ್ಲವೂ ಕರಗಿ ಒಂದೇ ಪದರವಾಗುತ್ತದೆ. ಆ ಬಿಸಿ ಇಂಕಿನ ಮೇಲ್ಮೈಗೆ ಮಾತ್ರ ತಾಗಿದರೆ ಸಾಲದು, ಬಟ್ಟೆಗೆ ಅಂಟಿರುವ ತಳದವರೆಗೂ ಇಳಿಯಬೇಕು. ಇಳಿಯದಿದ್ದರೂ ಪ್ರಿಂಟ್ ನೋಡಲು ಚೆನ್ನಾಗೇ ಇರುತ್ತದೆ, ಮುಟ್ಟಿದರೆ ಗಟ್ಟಿಯಾಗೇ ಇರುತ್ತದೆ. ಒಗೆದಾಗಲೇ ಬಣ್ಣ ಬಯಲಾಗುವುದು.

ನನ್ನ ಹತ್ತಿರ ಲೇಸರ್ ಚುಕ್ಕೆ ಬೀಳುವ ಇನ್‌ಫ್ರಾರೆಡ್ ಗನ್ ಇತ್ತು. ಪ್ರತಿ ದಿನ ಅದರಲ್ಲೇ ನೋಡಿ, 165 ಅಂತ ತೋರಿಸಿದರೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈ ಸಂಗತಿಯನ್ನು ಕೆಲಸದಲ್ಲಿ ನನಗಿಂತ ತುಂಬ ಹಿರಿಯರಾದ ಒಬ್ಬ ಪ್ರಿಂಟರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪ್ರೋಬ್ ಇಟ್ಟು ನೋಡಿದ್ದೀರಾ?"

ಇಲ್ಲ ಅಂದೆ. "ಗನ್ ಮೇಲಿನ ಚರ್ಮದ ಬಿಸಿ ಹೇಳುತ್ತೆ. ಒಳಗಿನದು ಅದಕ್ಕೆ ಕಾಣಲ್ಲ. ಬನ್ನಿ, ನಂದು ತಗೊಂಡು ಹೋಗಿ" ಅಂದರು.

ಅದನ್ನು ಡೋನಟ್ ಪ್ರೋಬ್ ಅನ್ನುತ್ತಾರೆ. ಒಂದು ಬಳೆಯಂಥ ಉಂಗುರ, ನಡುವೆ ಒಂದನ್ನೊಂದು ದಾಟುವ ಎರಡು ತೆಳ್ಳಗಿನ ತಂತಿ. ತಂತಿಗಳು ಕೂಡುವ ಜಾಗವನ್ನು ಹಸಿ ಇಂಕಿನೊಳಗೆ ಒತ್ತಿ ಇಡಬೇಕು. ಇನ್ನೊಂದು ತುದಿಯ ಮೀಟರ್‌ನಲ್ಲಿ ಇಂಕಿನ ಒಳಗಿನ ಬಿಸಿ ಕಾಣುತ್ತದೆ. ಮಧ್ಯಾಹ್ನ ಅದನ್ನು ತಂದು, ಅದೇ ಕಪ್ಪು ಬಟ್ಟೆಯ ಮೇಲೆ ಅದೇ ಎರಡು ಬಣ್ಣ ಹಾಕಿ ನೋಡಿದೆ. ಸಮಯವೂ ಅಷ್ಟೇ ಇಟ್ಟೆ. ಮಧ್ಯದಲ್ಲಿ 158 ಬಂತು. ಎಡ ತುದಿಗೆ ಸರಿಸಿದೆ, 127. ಬಲ ತುದಿ, 121. ಗನ್ ಹಿಡಿದರೆ ಅದೇ ಬಲ ತುದಿಯಲ್ಲಿ 150ರ ಮೇಲೆ ತೋರಿಸುತ್ತಿತ್ತು.

ನಾನೂ ಹುಡುಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಫ್ಲ್ಯಾಶ್‌ನ ಫಲಕ 40 ಸೆಂಟಿಮೀಟರ್ ಅಗಲ, ಡಿಸೈನ್ 35. ಫಲಕದ ಅಂಚಿನಲ್ಲಿ ಬಿಸಿ ಯಾವಾಗಲೂ ಕಡಿಮೆ. ಅದರ ಮೇಲೆ ಬಟ್ಟೆಯ ಕೆಳಗಿನ ಪ್ಯಾಲೆಟ್ ತಳದ ಬಿಸಿಯನ್ನು ಹೀರಿಕೊಳ್ಳುತ್ತದೆ. ಹತ್ತಿ ಬಟ್ಟೆಯಲ್ಲಿ ಒಂದಿಷ್ಟು ತೇವವೂ ಇರುತ್ತದೆ, ಅದು ಆವಿಯಾಗಿ ಹೋಗುವವರೆಗೆ ಬಿಸಿಯ ಒಂದು ಪಾಲು ಅದಕ್ಕೇ ಖರ್ಚು. ಇಷ್ಟೆಲ್ಲ ಇರುವಾಗ ನಾನು ಎಳೆದು ನೋಡಿ ಪರೀಕ್ಷೆ ಮಾಡುತ್ತಿದ್ದದ್ದು ಮಧ್ಯದ ಅಕ್ಷರಗಳನ್ನು ಮಾತ್ರ. ತುದಿಯನ್ನು ಒಂದು ಸಲ ಎಳೆದಿದ್ದರೆ ಅಲ್ಲೇ ಬಿರುಕು ಕಾಣುತ್ತಿತ್ತು.

ಅಂಗಡಿಯ ನಡುವೆ ನಿಂತಿದ್ದ ಪ್ರೆಸ್ ಕಡೆ ಆಗ ಕಣ್ಣು ಹೋಯಿತು. ಆರು ಬಣ್ಣಕ್ಕೆ ಆರು ತೋಳು, ಶರ್ಟ್ ಹಾಸಲು ನಾಲ್ಕು ಸ್ಟೇಷನ್. ಪ್ರತಿ ತೋಳಿಗೂ ಒಂದು ಫ್ರೇಮ್, ಅದಕ್ಕೆ ಬಿಗಿದ ಜಾಲರಿ ಬಟ್ಟೆಯ (ಮೆಶ್) ಮೂಲಕ ಒಂದೊಂದು ಬಣ್ಣ ಶರ್ಟ್ ಮೇಲೆ ಇಳಿಯುತ್ತದೆ. ಅಂಗಡಿ ಶುರು ಮಾಡಿದಾಗ ಕೈಯಲ್ಲಿದ್ದ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗಿತ್ತು. ಬಂದವರಿಗೆ ಮೊದಲು ಕಾಣುವುದು ಪ್ರೆಸ್ಸೇ. ಹಾಗಾಗಿ ಅದು ದೊಡ್ಡದಿರಬೇಕು ಅಂತ ಮನಸ್ಸಿನಲ್ಲಿ ಕೂತಿತ್ತು. ಈ ಎರಡು ವರ್ಷದಲ್ಲಿ ನನಗೆ ಬಂದ ಕೆಲಸ ಬಹುಪಾಲು ಒಂದು ಬಣ್ಣದ್ದು, ಎರಡು ಬಣ್ಣದ್ದು. ಆರೂ ತೋಳು ಒಟ್ಟಿಗೆ ಓಡಿದ್ದು ತೀರಾ ಅಪರೂಪ.

ಅದು ಕೆಟ್ಟ ಖರೀದಿ ಆದದ್ದು ತೋಳು ಜಾಸ್ತಿ ಇದ್ದದ್ದಕ್ಕೆ ಅಲ್ಲ. ಕಡಿಮೆ ಬೆಲೆಗೆ ಆರು ತೋಳು ಕೊಡಬೇಕಾದರೆ ತಯಾರಿಸುವವರು ಎಲ್ಲೋ ಒಂದು ಕಡೆ ಉಳಿಸಲೇಬೇಕು. ಇದರಲ್ಲಿ ಉಳಿಸಿದ್ದು ಬೇರಿಂಗ್‌ನಲ್ಲಿ. ತೋಳನ್ನು ಪೂರ್ತಿ ಕೆಳಗಿಳಿಸಿ, ಫ್ರೇಮಿನ ತುದಿ ಹಿಡಿದು ಪಕ್ಕಕ್ಕೆ ತಳ್ಳಿದರೆ ಒಂದು ಮಿಲಿಮೀಟರ್ ಅಲುಗುತ್ತಿತ್ತು. ಒಂದು ಬಣ್ಣದ ಕೆಲಸಕ್ಕೆ ಪರವಾಗಿಲ್ಲ. ಎರಡನೇ ಬಣ್ಣ ಮೊದಲನೆಯದರ ಅಂಚಿಗೆ ಸರಿಯಾಗಿ ಕೂರಬೇಕಾದಾಗ ಆ ಒಂದು ಮಿಲಿಮೀಟರ್ ಇಡೀ ದಿನವನ್ನೇ ತಿನ್ನುತ್ತದೆ. ಫ್ರೇಮನ್ನು ಚೂರು ಚೂರೇ ಸರಿಸಿ ಹೊಂದಿಸುವ ಮೈಕ್ರೋ ರಿಜಿಸ್ಟ್ರೇಶನ್ ಕೂಡ ಇರಲಿಲ್ಲ. ಫ್ರೇಮನ್ನು ಕೈಯಲ್ಲಿ ಸರಿಸಿ ಕ್ಲ್ಯಾಂಪ್ ಬಿಗಿ ಮಾಡಬೇಕು, ಬಿಗಿ ಮಾಡುವಾಗಲೇ ಅದು ಜಾರುತ್ತಿತ್ತು. ಆ 220 ಶರ್ಟ್‌ಗಳಲ್ಲೂ ಹಳದಿಯ ಕೆಳಗೆ ಬಿಳಿ ಇಣುಕಬಾರದು ಅಂತ ಅಂಡರ್‌ಬೇಸ್ ಅಕ್ಷರಗಳನ್ನು ಸ್ವಲ್ಪ ಸಣ್ಣ ಮಾಡಿ ಫಿಲ್ಮ್ ತೆಗೆಸಿದ್ದೆ. ನಾನು ಈಗ ಯಾವ ಪ್ರೆಸ್ ನೋಡಲು ಹೋದರೂ ತೋಳು ಎಣಿಸುವುದಿಲ್ಲ. ಇಳಿಸಿ, ತುದಿ ಹಿಡಿದು ತಳ್ಳುತ್ತೇನೆ. ಆಮೇಲೆ ಉದ್ದನೆಯ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ಪ್ಯಾಲೆಟ್‌ಗಳು ಸಮನಾಗಿವೆಯಾ ನೋಡುತ್ತೇನೆ. ಪ್ಯಾಲೆಟ್ ಒಂದು ಕಡೆ ತಗ್ಗಿದ್ದರೆ ಮೆಶ್‌ಗೂ ಬಟ್ಟೆಗೂ ನಡುವಿನ ಅಂತರ ಹೊಂದಿಸುವುದು ಆಗದ ಮಾತು. ಆ ಅಂತರ ಇರಬೇಕಾದದ್ದೇ ಎರಡು ಮೂರು ಮಿಲಿಮೀಟರ್.

ಮರದ ಫ್ರೇಮ್‌ಗಳೂ ನನ್ನ ಕೆಟ್ಟ ಖರೀದಿಗಳೇ. ಒಮ್ಮೆಗೇ 40 ತಗೊಂಡಿದ್ದೆ. ತೊಳೆದಾಗಲೆಲ್ಲ ನೀರು ಕುಡಿದು ಸೊಟ್ಟಗಾದವು, ಮೆಶ್ ಸಡಿಲಾಯಿತು. ಈಗ ಅಲ್ಯೂಮಿನಿಯಂ ಫ್ರೇಮ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಒಳ್ಳೆಯದು ಅಂತ ಆ ದಿನವೂ ಧೈರ್ಯವಾಗಿ ಹೇಳಬಹುದಾಗಿದ್ದದ್ದು ಎಕ್ಸ್‌ಪೋಸಿಂಗ್ ಯೂನಿಟ್ ಒಂದೇ. ಮೆಶ್‌ಗೆ ಎಮಲ್ಷನ್ ಅನ್ನುವ ಲೇಪ ಬಳಿದು, ಡಿಸೈನಿನ ಫಿಲ್ಮ್ ಇಟ್ಟು ಬೆಳಕು ಹಾಯಿಸುವ ಸಾಧನ ಅದು. ಬೆಳಕು ಬಿದ್ದಲ್ಲಿ ಲೇಪ ಗಟ್ಟಿಯಾಗುತ್ತದೆ, ಡಿಸೈನಿನ ಜಾಗ ನೀರಿನಲ್ಲಿ ತೊಳೆದಾಗ ತೆರೆದುಕೊಳ್ಳುತ್ತದೆ. ಅದಕ್ಕೂ ಮೊದಲು ಟ್ಯೂಬ್‌ಲೈಟ್ ಪೆಟ್ಟಿಗೆ ಮಾಡಿಕೊಂಡು, ಗಾಜಿನ ಮೇಲೆ ಫಿಲ್ಮ್ ಇಟ್ಟು, ಅದರ ಮೇಲೆ ಸ್ಕ್ರೀನ್, ಸ್ಪಂಜು, ಭಾರಕ್ಕೆ ಪುಸ್ತಕಗಳ ಕಟ್ಟು ಹೇರುತ್ತಿದ್ದೆ. ಫಿಲ್ಮಿಗೂ ಎಮಲ್ಷನ್‌ಗೂ ನಡುವೆ ಕೂದಲೆಳೆ ಜಾಗ ಉಳಿದರೂ ಬೆಳಕು ಪಕ್ಕದಿಂದ ನುಸುಳಿ ಸಣ್ಣ ಗೆರೆಗಳನ್ನು ನುಂಗುತ್ತದೆ. ಯಾಕೆ ಸಣ್ಣ ಅಕ್ಷರ ತೆರೆದುಕೊಳ್ಳುತ್ತಿಲ್ಲ ಅಂತ ಗೊತ್ತಾಗದೆ, ನೀರನ್ನು ಜೋರಾಗಿ ಹೊಡೆದು ಎಷ್ಟು ಸ್ಕ್ರೀನ್ ಹಾಳು ಮಾಡಿದೆನೋ ಲೆಕ್ಕವಿಲ್ಲ. ವ್ಯಾಕ್ಯೂಮ್ ಇರುವ ಯೂನಿಟ್ ತಂದ ಮೇಲೆ ರಬ್ಬರ್ ಹಾಸು ಫಿಲ್ಮನ್ನು ಎಮಲ್ಷನ್‌ಗೆ ಒತ್ತಿ ಹಿಡಿಯಿತು. ಜೊತೆಗೆ ತಿಳಿಯಿಂದ ಕಪ್ಪಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ, 21 ಮೆಟ್ಟಿಲಿನ ಗ್ರೇ ಸ್ಕೇಲ್ ಫಿಲ್ಮ್ ಒಂದು ತಂದಿದ್ದೆ. ಅದರಲ್ಲಿ 7ನೇ ಮೆಟ್ಟಿಲವರೆಗೆ ಎಮಲ್ಷನ್ ಗಟ್ಟಿಯಾಗಿ ಉಳಿಯುವ ಹಾಗೆ ಸಮಯ ಹೊಂದಿಸಿಕೊಂಡೆ. ಅಂದಾಜಿನ ಕೆಲಸ ಅಲ್ಲಿಗೆ ನಿಂತಿತು. ಬೆಳಕನ್ನು ಹೀಗೆ ಅಳೆದು ಬಳಸಲು ಕಲಿತವನು ಬಿಸಿಯನ್ನು ಅಳೆಯದೆ ಬಿಟ್ಟಿದ್ದೆನಲ್ಲ ಅನ್ನುವುದೇ ಆ ಮಧ್ಯಾಹ್ನ ನನ್ನನ್ನು ತುಂಬ ಕಾಡಿತು.

ಸಂಜೆ ಪ್ರೋಬ್ ವಾಪಸ್ ಕೊಡಲು ಹೋದಾಗ ನಡೆದದ್ದನ್ನೆಲ್ಲ ಹೇಳಿದೆ. ಆ ಹಿರಿಯರು ಕೇಳಿದರು: "ಒಗೆಯದೇ ಇರೋ ಶರ್ಟ್ ಎಷ್ಟಿರಬಹುದು? ಅವನ್ನು ಎಸೆಯಬೇಕಾಗಿಲ್ಲ. ಇನ್ನೊಂದು ಸಲ ಸರಿಯಾಗಿ ಬಿಸಿ ಕೊಟ್ಟರೆ ಕೂಡಿಕೊಳ್ಳುತ್ತೆ."

ನನಗೆ ಇದು ಹೊಳೆದೇ ಇರಲಿಲ್ಲ. ಪ್ಲಾಸ್ಟಿಸಾಲ್ ಅರ್ಧ ಕ್ಯೂರ್ ಆಗಿ ನಿಂತಿದ್ದರೆ, ಆಮೇಲೆ ಬಿಸಿ ಕೊಟ್ಟರೂ ಮುಂದುವರಿಯುತ್ತದೆ. ಅಲ್ಲಿಂದಲೇ ಗಿರಾಕಿಗೆ ಫೋನ್ ಮಾಡಿದೆ. ತಪ್ಪು ನನ್ನದೇ ಅಂತ ಒಪ್ಪಿಕೊಂಡೆ, ಕಾರಣ ಬಿಡಿಸಿ ಹೇಳಿದೆ. ಶರ್ಟ್‌ಗಳಲ್ಲಿ ಹೆಚ್ಚಿನವು ಇನ್ನೂ ಹಂಚಿಯೇ ಇರಲಿಲ್ಲ. 148 ಹಾಗೇ ಇದ್ದವು. ಉಳಿದ 72 ಹೊಸದಾಗಿ ಹಾಕಿಕೊಡುತ್ತೇನೆ ಅಂದೆ.

ಮರುದಿನ ಸಂಜೆ ಆ ಹಿರಿಯರ ಕೆಲಸ ಮುಗಿದ ಮೇಲೆ ಆ 148 ಶರ್ಟ್‌ಗಳನ್ನು ಅವರ ಕನ್ವೇಯರ್ ಡ್ರೈಯರ್‌ಗೆ ಹಾಕಲು ಶುರು ಮಾಡಿದೆವು. ಒಂದು ತುದಿಯಲ್ಲಿ ಬೆಲ್ಟ್ ಮೇಲೆ ಶರ್ಟ್ ಹರಡುವುದು, ಇನ್ನೊಂದು ತುದಿಯಲ್ಲಿ ಎತ್ತಿಕೊಳ್ಳುವುದು. ಅದಕ್ಕೂ ಮೊದಲು ಒಂದು ಹಳೆ ಬಟ್ಟೆಗೆ ಪ್ರಿಂಟ್ ಹಾಕಿ, ಪ್ರೋಬ್ ಇಟ್ಟು ಸುರಂಗದೊಳಗೆ ಕಳಿಸಿದರು. ತಂತಿ ಬೆಲ್ಟ್ ಜೊತೆಗೇ ಒಳಗೆ ಹೋಯಿತು. ಮೀಟರ್ 90, 120, 145 ಅಂತ ಏರುತ್ತಾ ಹೋಗಿ 164ರಲ್ಲಿ ನಿಂತಿತು. ತುದಿಯಲ್ಲಿ ಇಟ್ಟು ನೋಡಿದರೆ 161. ಮೂರೇ ಡಿಗ್ರಿ ವ್ಯತ್ಯಾಸ! ಸುರಂಗದೊಳಗೆ ಬಿಸಿ ಗಾಳಿ ತಿರುಗುತ್ತಿರುತ್ತದೆ, ಬಟ್ಟೆಯ ಕೆಳಗೆ ಪ್ಯಾಲೆಟ್ ಇರುವುದಿಲ್ಲ, ಬೆಲ್ಟ್ ಬರೀ ಜಾಲರಿ. ಅವತ್ತು ರಾತ್ರಿ ಆ ಡ್ರೈಯರ್ ಪಕ್ಕ ನಿಂತು ಬಿಸಿ ಬಿಸಿ ಶರ್ಟ್ ಮಡಚುತ್ತಾ, ನನ್ನ ಹಣ ಮೊದಲು ಇಲ್ಲಿಗೆ ಬರಬೇಕಿತ್ತು ಅಂತ ಅನ್ನಿಸುತ್ತಲೇ ಇತ್ತು.

ಡ್ರೈಯರ್ ಕೊಳ್ಳಲು ನನಗೆ ಅಲ್ಲಿಂದ ಏಳು ತಿಂಗಳು ಹಿಡಿಯಿತು. ಪ್ರೋಬ್ ಮಾತ್ರ ಅದೇ ವಾರ ತಂದೆ. ಇವತ್ತಿಗೂ ನನ್ನ ಅಂಗಡಿಯ ಅತಿ ಒಳ್ಳೆಯ ಖರೀದಿ ಯಾವುದು ಅಂತ ಯಾರಾದರೂ ಕೇಳಿದರೆ ಅದನ್ನೇ ಮೊದಲು ತೋರಿಸುತ್ತೇನೆ. ಡ್ರೈಯರ್ ನೋಡಲು ಹೋದಾಗಲೂ ಅದು ನನ್ನ ಚೀಲದಲ್ಲಿತ್ತು. ನನ್ನದೇ ಇಂಕ್, ನನ್ನದೇ ಬಟ್ಟೆ ಒಯ್ದು, ಮಾರುವವರ ಮುಂದೆಯೇ ಓಡಿಸಿ ನೋಡಿದೆ. ಮೊದಲು ನೋಡಿದ ಯಂತ್ರದ ಸುರಂಗ ತುಂಬ ಚಿಕ್ಕದು. ಇಂಕಿನ ಒಳಗೆ 160 ಮುಟ್ಟಿಸಬೇಕಾದರೆ ಬೆಲ್ಟನ್ನು ತೆವಳಿಸಬೇಕಿತ್ತು. ವಾಟರ್‌ಬೇಸ್ ಇಂಕ್‌ಗಂತೂ ಅದು ಆಗುವುದೇ ಇಲ್ಲ. ಅದರಲ್ಲಿ ಮೊದಲು ನೀರು ಹೋಗಬೇಕು, ಆಮೇಲೆ ಕ್ಯೂರಿಂಗ್ ಶುರು. ಎರಡು ಮೂರು ನಿಮಿಷ ಒಳಗೇ ಇರಬೇಕು, ಗಾಳಿಯೂ ಆಡಬೇಕು. ಆ ಯಂತ್ರ ಬಿಟ್ಟು ಬಂದೆ. ಉದ್ದ ಸುರಂಗದ್ದು ಸಿಗುವವರೆಗೆ ಕಾದೆ.

ಬಿಸಿ ಜಾಸ್ತಿ ಕೊಟ್ಟರೆ ಆಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಹತ್ತಿಗೆ ಹೇಗೋ ನಡೆಯುತ್ತದೆ. ಪಾಲಿಯೆಸ್ಟರ್‌ನಲ್ಲಿ ಬಿಸಿ ಹೆಚ್ಚಾದರೆ ಬಟ್ಟೆಯ ಬಣ್ಣವೇ ಆವಿಯಾಗಿ ಇಂಕಿನೊಳಗೆ ಏರುತ್ತದೆ. ಕೆಂಪು ಜೆರ್ಸಿ ಮೇಲಿನ ಬಿಳಿ ಅಂಕಿ ಮೊದಲು ಬಿಳಿಯಾಗೇ ಇದ್ದು, ಕೆಲವು ದಿನದಲ್ಲಿ ಗುಲಾಬಿ ಆಗುವುದನ್ನು ನಾನೇ ನೋಡಿದ್ದೇನೆ. ಅದಕ್ಕೆ ಕಡಿಮೆ ಬಿಸಿಯಲ್ಲಿ ಕ್ಯೂರ್ ಆಗುವ ಇಂಕ್ ಬೇಕು, ಬಿಸಿಯನ್ನು ಅಷ್ಟಕ್ಕೇ ಹಿಡಿದು ನಿಲ್ಲಿಸಲೂ ಬರಬೇಕು. ಎರಡಕ್ಕೂ ಅಳತೆ ಇಲ್ಲದೆ ಆಗುವುದಿಲ್ಲ.

ಆ 72 ಶರ್ಟ್‌ಗಳನ್ನು ಆ ವಾರವೇ ನನ್ನ ಅಲುಗುವ ಪ್ರೆಸ್‌ನಲ್ಲೇ ಹಾಕಿ, ಕ್ಯೂರಿಂಗ್‌ಗೆ ಮತ್ತೆ ಅದೇ ಹಿರಿಯರ ಹತ್ತಿರ ಹೋದೆ. ಎರಡೂ ಗುಂಪಿನಿಂದ ಒಂದೊಂದು ಶರ್ಟ್ ತೆಗೆದು ಮನೆಯಲ್ಲಿ ಐದು ಸಲ ಒಗೆದೆ. ಕೆಲಸದ ಹುಡುಗ ಪ್ರತಿ ದಿನ ಬಂದ ಕೂಡಲೇ "ಏನಾಯ್ತು ಸರ್?" ಅಂತ ಕೇಳುತ್ತಿದ್ದ.

ಶುಕ್ರವಾರ ಸಂಜೆ ಗಿರಾಕಿ ಬಂದರು. 220 ಎಣಿಸಿ ಕೊಟ್ಟೆ. ಅದರಲ್ಲೇ ಒಗೆದ ಎರಡನ್ನೂ ಬೇರೆ ಇಟ್ಟು ತೋರಿಸಿದೆ. ಅವರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲ ಅಕ್ಷರದ ಅಂಚನ್ನು ಉಗುರಿನಿಂದ ಕೆರೆದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆದರು. ಬಿರುಕು ಬಿಡಲಿಲ್ಲ. ಕೊನೆಯ ಅಕ್ಷರವನ್ನೂ ಹಾಗೇ ಎಳೆದು ನೋಡಿ, ಶರ್ಟ್ ಮಡಚಿ ಚೀಲಕ್ಕೆ ಹಾಕಿಕೊಂಡರು.