ಮನುಷ್ಯರೇ ಅನುಮಾನಕ್ಕೆ ಸಿಕ್ಕ ಆಟ

ಬಾಟ್ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಆಡಿಸುವ ಆಟಗಾರ. ಬಾಟ್‌ಗಳು ಮನುಷ್ಯರಂತೆ ಆಡಿ ನಂಬಿಸಬೇಕಾದ ಸ್ಪರ್ಧೆ ಬಾಟ್‌ಪ್ರೈಜ್. 2012ರಲ್ಲಿ ಅದರಲ್ಲಿ ಆಡಿದ ಮನುಷ್ಯರನ್ನು 'ಮನುಷ್ಯ' ಎಂದು ಗುರುತಿಸಿದ್ದು ನೂರಕ್ಕೆ ಸುಮಾರು 40 ಸಲ. ಗೆದ್ದ ಎರಡು ಬಾಟ್‌ಗಳಿಗೆ ಆ ಮರ್ಯಾದೆ ಸಿಕ್ಕಿದ್ದು ಸುಮಾರು 52 ಸಲ!

ಆಟ ಅನ್‌ರಿಯಲ್ ಟೂರ್ನಮೆಂಟ್ 2004 ಎಂಬ ಗುಂಡು ಹಾರಿಸುವ ವಿಡಿಯೊ ಗೇಮ್. ಚಾಟ್ ಬಂದ್. ಓಟ, ಜಿಗಿತ, ಗುರಿ ನೋಡಿಯೇ ತೀರ್ಮಾನಿಸಬೇಕು. ತೀರ್ಪು ಕೊಡುವುದೂ ಗನ್‌ನಿಂದಲೇ: ಒಂದು ಬಟನ್ ಒತ್ತಿ ಹೊಡೆದರೆ 'ಬಾಟ್', ಇನ್ನೊಂದರಲ್ಲಿ 'ಮನುಷ್ಯ'.

ಸಾಮಾನ್ಯ ಬಾಟ್ ಸಿಕ್ಕಿಬೀಳುವುದು ಗುರಿಯಲ್ಲಿ. ಅದಕ್ಕೆ ಪರದೆ ಕಾಣುವುದಿಲ್ಲ. ಎದುರಾಳಿ ಎಲ್ಲಿದ್ದಾನೆಂಬ ಅಂಕಿ ನೇರವಾಗಿ ಕೈಗೆ ಬರುತ್ತದೆ. ಹಾಗಾಗಿ ಗುರಿ ತಪ್ಪುವುದೇ ಇಲ್ಲ. ಪ್ರತಿ ಗುಂಡಿಗೂ ಒಂದಿಷ್ಟು ಅಡ್ಡಾದಿಡ್ಡಿ ತಪ್ಪು ಬೆರೆಸಿದರೆ ಸಾಲದು. ಮನುಷ್ಯರ ಕೈ ಗುರಿ ದಾಟಿ ಹೋಗಿ ವಾಪಸ್ ಬರುತ್ತದೆ, ಓಡುತ್ತಾ ಹೊಡೆದರೆ ಇನ್ನಷ್ಟು ಕೆಡುತ್ತದೆ. ಗೆದ್ದ ಎರಡರಲ್ಲಿ ಒಂದಾದ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ 'ಯುಟಿ ಸ್ಕ್ವೇರ್ಡ್' ಬಾಟ್ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು: ದೂರ ಮತ್ತು ವೇಗ ಹೆಚ್ಚಿದಷ್ಟೂ ಅದರ ಗುರಿ ಸಡಿಲ.

ಇನ್ನೊಂದು ಸುಳಿವು ಮೂಲೆ. ನಕ್ಷೆಯಲ್ಲಿ ಗುರುತು ಹಾಕಿದ ಬಿಂದುಗಳ ಮೇಲೆ ನಡೆಯುವ ಬಾಟ್, ದಾರಿ ತಪ್ಪಿದರೆ ಗೋಡೆಗೆ ಮುಖ ಕೊಟ್ಟು ಓಡುತ್ತಲೇ ಇರುತ್ತದೆ. ಹಾಗೆ ಸಿಕ್ಕಿಹಾಕಿಕೊಂಡಾಗ ಯುಟಿ ಸ್ಕ್ವೇರ್ಡ್, ಅದೇ ಜಾಗದಲ್ಲಿ ಹಿಂದೆ ಮನುಷ್ಯರು ಓಡಾಡಿದ ದಾಖಲೆ ತೆಗೆದು ಅದರಂತೆ ಹೆಜ್ಜೆ ಹಾಕುತ್ತಿತ್ತು. ಲಾಭವಿಲ್ಲದಿದ್ದರೂ ಒಬ್ಬನ ಮೇಲೆ ಹಟ ಹಿಡಿದು ಬೆನ್ನಟ್ಟುವ ಗುಣವನ್ನೂ ಅದಕ್ಕೆ ಕೊಟ್ಟಿದ್ದರು.

ನನಗೆ ಹೆಚ್ಚು ಚಾಣಾಕ್ಷ ಅನ್ನಿಸುವುದು ಗೆದ್ದ ಇನ್ನೊಂದು ಬಾಟ್, ರೊಮೇನಿಯಾದ ಮಿಹಾಯ್ ಪೋಲ್ಚಾನು ಅವರ 'ಮಿರರ್‌ಬಾಟ್'. ತೀರ್ಪು ಕೊಡುವವರು ಗುಂಡು ಹಾರಿಸದೆ ಕುಣಿದು, ಬಗ್ಗಿ ಪರೀಕ್ಷಿಸುತ್ತಾರೆ ತಾನೇ? ಇದೂ ಚೂರು ತಡ ಮಾಡಿ ಅದನ್ನೇ ಮಾಡುತ್ತಿತ್ತು. ತನ್ನ ಸನ್ನೆಗೆ ಮರುಸನ್ನೆ ಬಂತೆಂದು ಆಟಗಾರ ನಂಬಿಬಿಡುತ್ತಿದ್ದ.

ಮನುಷ್ಯರಿಗೆ ಅಂಕ ಕಡಿಮೆಯಾದದ್ದರಲ್ಲಿ ನನಗೇನೂ ಅಚ್ಚರಿಯಿಲ್ಲ. ಪಳಗಿದ ಆಟಗಾರ ಹತ್ತಿರದ ದಾರಿ ಹಿಡಿಯುತ್ತಾನೆ, ಕ್ಷಣದಲ್ಲಿ ತಿರುಗಿ ಹೊಡೆಯುತ್ತಾನೆ. ಹೊಸಬ ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ. ಎರಡೂ ಯಂತ್ರದ ಲಕ್ಷಣವೆಂದೇ ಕಾಣುತ್ತದೆ. ಹಾಗಾಗಿ ಕೈಚಳಕ ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡು ಸಲ ಜಿಗಿಯಿರಿ, ಉತ್ತರ ಬಂದ ಮೇಲೆ ಸುಮ್ಮನೆ ನಿಲ್ಲಿ. ನಕಲು ಮಾತ್ರ ಬಲ್ಲ ಬಾಟ್‌ಗೆ ಆಗ ನಕಲು ಮಾಡಲು ಏನೂ ಉಳಿಯುವುದಿಲ್ಲ. ಮನುಷ್ಯನಾದರೆ ಬೇಸರ ಬಂದು ತಾನೇ ಏನಾದರೂ ಹೊಸದು ಶುರುಮಾಡುವ ಸಂಭವ ಹೆಚ್ಚು, ಬಹುಶಃ ನಿಮಗೇ ಗುಂಡು ಹೊಡೆದು.