ಹಿಂದಿನ ಸಾಲಿನವರು

ಕಳೆದ ಶನಿವಾರ ಸಂಜೆ ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ, ಮಹಡಿಯ ಮೇಲಿನ ಸಣ್ಣ ಸಭಾಂಗಣದಲ್ಲಿ ನಡೆದ ವೀಣಾ ಕಚೇರಿಗೆ ಹೋದವನು ಎಂದಿನಂತೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ. ಮಂಗಳ ಹಾಡುವ ಮೊದಲೇ ಎದ್ದು ಸ್ಕೂಟರ್ ಹೊರತೆಗೆಯುವ ಕೆಟ್ಟ ಅಭ್ಯಾಸ ನನ್ನದು. ಬಂದಿದ್ದ ಮೂವತ್ತು ನಲವತ್ತು ಮಂದಿಯೂ ಹೆಚ್ಚುಕಡಿಮೆ ನನ್ನ ಜಾತಿಯವರೇ. ಮುಂದಿನ ಮೂರು ಸಾಲು ಖಾಲಿ ಬಿದ್ದಿದ್ದವು.

ಕಾಂಭೋಜಿ ರಾಗದ ಆಲಾಪನೆ ಮುಗಿಸಿ ವೈಣಿಕರು ಆಗಷ್ಟೇ ತಾನಕ್ಕೆ, ಅಂದರೆ ಅದೇ ರಾಗವನ್ನು ಲಯದ ಓಟದಲ್ಲಿ ಮೀಟುವ ಭಾಗಕ್ಕೆ, ಕೈಹಾಕಿದ್ದರು. ಹೊರಗೆ ಗುಡುಗಿತು, ದೀಪ ಹೋಯಿತು, ಅದರೊಂದಿಗೆ ಧ್ವನಿವರ್ಧಕವೂ ಹೋಯಿತು. ನುಡಿಸುವುದನ್ನು ನಿಲ್ಲಿಸಿದರೆಂದೇ ನಾನು ತಿಳಿದೆ. ಸಂಘಟಕರು, ಬಹಳ ಒಳ್ಳೆಯ ಮನುಷ್ಯ, ಆದರೆ ಎಲೆ ಅಲುಗಿದರೂ ಗಾಬರಿಯಾಗುವವರು, ಮೊಬೈಲಿನ ಬೆಳಕು ಹಿಡಿದು ವೇದಿಕೆಯತ್ತ ಓಡಿ, “ಅಮ್ಮಾ, ಐದು ನಿಮಿಷ ತಡೀರಿ, ಹಿಂದಿನವರಿಗೆ ಕೇಳಿಸ್ತಾ ಇಲ್ಲ” ಎಂದರು. ಆಕೆ ತಲೆಯೆತ್ತದೆ, ಕೈಯನ್ನೂ ನಿಲ್ಲಿಸದೆ, “ಹಿಂದಿನವರು ಮುಂದೆ ಬರಲಿ” ಎಂದರು.

ಮನೆಯಲ್ಲಿ ಎಲೆ ಹಾಕಿದ ಮೇಲೆ ಊಟಕ್ಕೆ ಕರೆಯುತ್ತಾರಲ್ಲ, ಅಂಥ ದನಿ. ನಾವು ತಡಕಾಡುತ್ತ, ಒಬ್ಬರ ಕಾಲು ಇನ್ನೊಬ್ಬರು ತುಳಿಯುತ್ತ ಮುಂದೆ ಬಂದೆವು. ನಾನು ಕುರ್ಚಿಯನ್ನೂ ಬಿಟ್ಟು ವೇದಿಕೆಯ ಬುಡದ ಜಮಖಾನೆಯ ಮೇಲೆ, ವೀಣೆಯ ಕುಂಡಿಗೆಯಿಂದ ಐದಾರು ಅಡಿ ದೂರದಲ್ಲಿ ಕುಳಿತೆ. ತಾನಕ್ಕೆ ಮೃದಂಗವಿಲ್ಲದ್ದರಿಂದ ಬೇರೆ ಸದ್ದೇ ಇರಲಿಲ್ಲ. ಮೀಟುವ ಉಗುರು ತಂತಿಯನ್ನು ತಾಗುವ ಸಣ್ಣ ‘ಟಿಕ್’, ಎಡಗೈ ಬೆರಳು ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳ ಮೇಲೆ ಜಾರುವಾಗಿನ ಉಜ್ಜುವಿಕೆ, ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಸವರಿದಾಗಿನ ಝೇಂಕಾರ, ಇವನ್ನು ಇಷ್ಟು ವರ್ಷಗಳ ಕಚೇರಿಗಳಲ್ಲಿ ನಾನು ಬಿಡಿಬಿಡಿಯಾಗಿ ಕೇಳಿದ್ದೇ ಇಲ್ಲ. ಒಂದು ಸ್ವರವನ್ನು ಎಳೆದು ಬಿಟ್ಟರೆ ಅದು ಎಲ್ಲಿ ಮುಗಿಯಿತು, ಮಳೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ನನ್ನ ಪಕ್ಕದ ಯುವಕನೊಬ್ಬ ಕತ್ತಲಲ್ಲೂ ಫೋನು ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತಲೇ ಇದ್ದ. ಅವನಿಗೆ ಏನು ಸಿಕ್ಕಿತೋ.

ಆ ಒಂದು ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಪಿಟೀಲು ಚೌಡಯ್ಯನವರೂ ಇದೇ ದೂರನ್ನು ಎದುರಿಸಿದವರು. 1920ರ ದಶಕದಲ್ಲಿ, ಮೈಕ್ ಇಲ್ಲದ ಕಚೇರಿಗಳಲ್ಲಿ ಪಿಟೀಲಿನ ನಾದ ಕೊನೆಯ ಸಾಲುಗಳಿಗೆ ಮುಟ್ಟುತ್ತಿಲ್ಲವೆಂದು ಕಂಡಾಗ, ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದನ್ನಾಗಿಸಿದರು. ಕೊನೆಯ ಸಾಲಿನವನಿಗಾಗಿ ವಾದ್ಯವನ್ನೇ ಬದಲಿಸಿದ ಆ ಔದಾರ್ಯಕ್ಕೆ ನಾನು ಯಾವತ್ತೂ ತಲೆಬಾಗುತ್ತೇನೆ. 1980ರಲ್ಲಿ ಬೆಂಗಳೂರು ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಭವನವನ್ನೇ ಕಟ್ಟಿತು. ಅಲ್ಲಿ ಕೊನೆಯ ಸಾಲಿನಲ್ಲಿ ಕುಳಿತು ನಾನೂ ಎಷ್ಟೋ ಕಚೇರಿ ಕೇಳಿದ್ದೇನೆ. ಆದರೆ ವೀಣೆಗೆ ಅಂಥ ಉಪಾಯ ಒಗ್ಗದು. ವೀಣೆ ಶೇಷಣ್ಣನವರು ಮೈಸೂರಿನ ಆಸ್ಥಾನದಲ್ಲಿ ನುಡಿಸುತ್ತಿದ್ದ ಕಾಲಕ್ಕೆ ಮೈಕೇ ಇರಲಿಲ್ಲ, ಕೇಳುವವರು ವಾದ್ಯದ ಅಳತೆಗೆ ತಕ್ಕಷ್ಟು ಹತ್ತಿರ ಕೂರುತ್ತಿದ್ದಿರಬೇಕು. ಈಗ ವಾದ್ಯಕ್ಕೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿ, ಪಕ್ಕದಲ್ಲೊಂದು ಧ್ವನಿವರ್ಧಕದ ಪೆಟ್ಟಿಗೆ ಇಟ್ಟು, ಬಾಗಿಲ ಬಳಿ ಸ್ಕೂಟರಿನ ಕೀಲಿ ಹಿಡಿದು ಕುಳಿತವನವರೆಗೂ ನಾದವನ್ನು ತಲುಪಿಸುತ್ತಿದ್ದೇವೆ. ಅವನು ಅಲ್ಲೇಕೆ ಕುಳಿತಿದ್ದಾನೆಂದು ಶನಿವಾರದವರೆಗೆ ಯಾರೂ ಕೇಳಿರಲಿಲ್ಲ.

ಹತ್ತು ಹನ್ನೆರಡು ನಿಮಿಷಕ್ಕೆ ದೀಪ ಬಂತು. ಪೆಟ್ಟಿಗೆ ಒಮ್ಮೆ ‘ಧಡ್’ ಎಂದಿತು, ಕಾಂಭೋಜಿ ಇದ್ದಕ್ಕಿದ್ದಂತೆ ಗೋಡೆಗಳಿಂದ ಬರತೊಡಗಿತು. ವೈಣಿಕರು ಒಂದು ಕ್ಷಣ ಮುಖ ಕಿವುಚಿದರು, ಮತ್ತೆ ನುಡಿಸಿದರು. ಸಂಘಟಕರು ಹೆಬ್ಬೆರಳೆತ್ತಿ ನಮ್ಮೆಲ್ಲರತ್ತ ನಕ್ಕರು. ಮುಂದೆ ಬಂದಿದ್ದವರಲ್ಲಿ ಐದಾರು ಜನ ಸದ್ದಿಲ್ಲದೆ ಎದ್ದು ಹಿಂದಿನ ಕುರ್ಚಿಗಳಿಗೆ ಹೋದರು. ನಾನು ಜೇಬಿನಲ್ಲಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡು ಜಮಖಾನೆಯ ಮೇಲೆಯೇ ಕುಳಿತೆ.