ಬ್ರೇಕ್ ಯಾವ್ದಣ್ಣ?

ನಾಲೆಗೆ ನೀರು ಬಿಟ್ಟ ಮೂರನೇ ದಿನಕ್ಕೇ ನಮ್ಮ ಟ್ರ್ಯಾಕ್ಟರಿನ ಲಿಫ್ಟು ಕೈ ಕೊಟ್ಟಿತು. ರೋಟವೇಟರ್ ಎತ್ತಲು ಲಿವರ್ ಎಳೆದರೆ ಹಿಂದುಗಡೆ ಕುಂಯ್ಯೋ ಅಂತ ಸದ್ದು. ಅರ್ಧ ಎದ್ದು, ಗಡಗಡ ನಡುಗಿ, ಮತ್ತೆ ಕೆಸರಿಗೇ ಕೂತಿತು. ಎಣ್ಣೆ ನೋಡುವ ಕಡ್ಡಿ ಎಳೆದರೆ ಹಾಲು ಬೆರೆಸಿದ ಟೀ ಬಣ್ಣ. ನೀರು ಸೇರಿದೆ ಅನ್ನುವುದು ನನಗೂ ತಿಳಿಯಿತು. ತಿಳಿದದ್ದು ಅಷ್ಟೇ.

ಮಂಡ್ಯಕ್ಕೆ ಹೋಗಿ ಹೈಡ್ರಾಲಿಕ್ ಎಣ್ಣೆ ಕೇಳಿದೆ. ಅಂಗಡಿಯಾತ ಮೊಬೈಲಿನಿಂದ ತಲೆ ಎತ್ತದೆ, "68 ನಂಬರು ತಗೊಂಡೋಗಿ, ಎಲ್ರೂ ಅದನ್ನೇ ಹಾಕ್ಸೋದು" ಅಂದ. ನನ್ನ ಭಾಮೈದನೂ ಫೋನಿನಲ್ಲಿ ಅದನ್ನೇ ಹೇಳಿದ್ದ. ಹಸು ಗಬ್ಬ ನಿಲ್ಲದ್ದರಿಂದ ಹಿಡಿದು ಬ್ಯಾಂಕ್ ಸಾಲದವರೆಗೆ ಅವನ ಹತ್ತಿರ ಉತ್ತರ ಇರದ ವಿಷಯವೇ ಇಲ್ಲ ಬಿಡಿ. 20 ಲೀಟರಿನ ಎರಡು ಬಕೆಟ್ಟು ಹೊತ್ತು ತಂದೆ.

ಮೆಕ್ಯಾನಿಕ್ ಬಂದ. ಇಪ್ಪತ್ತೈದು ದಾಟಿರಲಿಕ್ಕಿಲ್ಲ, ತಲೆಗೂದಲಿಗೆ ಕೆಂಚು ಬಣ್ಣ. ಇವನೇನು ಮಾಡ್ತಾನೆ ಅಂದುಕೊಂಡೆ. ಅವನು ಬಕೆಟ್ಟಿನ ಮೇಲಿನ ಚೀಟಿ ಓದಿ, ಮುಚ್ಚಳ ಬಿಚ್ಚದೆ ಪಕ್ಕಕ್ಕಿಟ್ಟ.

"ಬ್ರೇಕ್ ಯಾವ್ದಣ್ಣ?"

"ನಾ ಹೇಳ್ತಿರೋದು ಲಿಫ್ಟಿನ ಎಣ್ಣೆ ಕಣಪ್ಪ."

"ಅದಕ್ಕೇ ಕೇಳ್ತಿರೋದು. ಡ್ರೈ ಬ್ರೇಕಾ, ಆಯಿಲ್ ಬ್ರೇಕಾ?"

ಒಂಬತ್ತು ವರ್ಷದಿಂದ ನನ್ನ ಅಂಗಳದಲ್ಲೇ ನಿಂತಿರುವ ಗಾಡಿ. ನನಗೆ ಗೊತ್ತಿರಲಿಲ್ಲ. ನಾಲ್ಕು ದಿನದಿಂದ ಮಲಗಿದರೂ ಅದೇ ಪ್ರಶ್ನೆ, ಅದೇ ದನಿಯಲ್ಲಿ. ಹಂಗಿಸುವ ದನಿಯೂ ಅಲ್ಲ ಅದು. ಹಾಗಿದ್ದರೆ ಬಯ್ದಾದರೂ ಬಿಡುತ್ತಿದ್ದೆ.

ಅವನೇ ಬಗ್ಗಿ ನೋಡಿ ಆಯಿಲ್ ಬ್ರೇಕು ಅಂದ. ನಮ್ಮ ಗಾಡಿಯಲ್ಲಿ ಗೇರು, ಲಿಫ್ಟು, ಬ್ರೇಕು ಮೂರಕ್ಕೂ ಒಂದೇ ಹೊಟ್ಟೆ, ಒಂದೇ ಎಣ್ಣೆಯಂತೆ. ಬ್ರೇಕಿನ ಪ್ಲೇಟುಗಳು ಆ ಎಣ್ಣೆಯಲ್ಲೇ ಮುಳುಗಿರುತ್ತವೆ. 68 ಅನ್ನುವುದು 40 ಡಿಗ್ರಿ ಶಾಖದಲ್ಲಿ ಎಣ್ಣೆ ಎಷ್ಟು ಮಂದ ಅನ್ನುವ ಲೆಕ್ಕ ಮಾತ್ರ. ಗೇರಿನ ಹಲ್ಲು ತಡೆಯುತ್ತದೋ, ಬ್ರೇಕು ಕಿರುಚದೆ ಹಿಡಿಯುತ್ತದೋ, ಆ ನಂಬರು ಹೇಳುವುದಿಲ್ಲ. ಅದಕ್ಕೆ ಬೇರೆ ಮದ್ದು ಬೆರೆಸಿದ ಯುಟಿಟಿಓ ಅಂತ ಟ್ರ್ಯಾಕ್ಟರಿನದೇ ಎಣ್ಣೆ ಬರುತ್ತದೆ, ಅದರಲ್ಲೂ ಕಂಪನಿ ಪುಸ್ತಕದಲ್ಲಿ ಬರೆದ ದರ್ಜೆಯದೇ ಬೇಕು. "ಈ 68ನ್ನ ಜೆಸಿಬಿ ಇರೋರ್ಗೆ ಕೊಡಿ, ಆಯ್ತದೆ" ಅಂದ.

ಆಮೇಲೆ ಇನ್ನೊಂದು ಕೇಳಿದ: ಯಾರದಾದರೂ ಲಿಫ್ಟಿಂಗ್ ಟ್ರೈಲರ್ ಕಟ್ಟಿದ್ರಾ? ಸಂಕ್ರಾಂತಿಯ ಹೊತ್ತಿಗೆ ಭಾಮೈದನ ಟ್ರೈಲರ್ ತಂದು ಗೊಬ್ಬರ ಹೊಡೆಸಿದ್ದೆವು. ಅದರ ತೊಟ್ಟಿ ಎತ್ತುವ ಜಾಕಿಗೆ ಹೋಗುವುದು ನಮ್ಮ ಗಾಡಿಯ ಎಣ್ಣೆ; ಇಳಿಸಿದಾಗ ವಾಪಸ್ ಬರುವುದು ಹಿಂದೆ ಯಾರ ಗಾಡಿಯದು ಅದರಲ್ಲಿ ಉಳಿದಿತ್ತೋ ಅದನ್ನೂ ಕೂಡಿಸಿಕೊಂಡು. ಎಣ್ಣೆ ಕಮ್ಮಿಯಾಯಿತು ಅಂತ ಭಾಮೈದನೇ ಮನೆಯಲ್ಲಿದ್ದ ಯಾವುದೋ ಡಬ್ಬ ತಂದು ಸುರಿದಿದ್ದ. ಬ್ರೇಕು ಕಿರುಚಲು ಶುರುವಾದದ್ದೂ ಆಗಲೇ. ನಾನು ಆರು ತಿಂಗಳು ನಮ್ಮ ಡ್ರೈವರ್ ಹುಡುಗನನ್ನು ಬಯ್ದೆ, ಕಾಲು ಬ್ರೇಕಿನ ಮೇಲೇ ಇಟ್ಟುಕೊಂಡು ಓಡಿಸ್ತೀಯ ಅಂತ.

ನಮ್ಮಪ್ಪ ಹುಲ್ಲು ಸುಟ್ಟ ಬೂದಿಗೆ ಹರಳೆಣ್ಣೆ ಕಲಸಿ ತಾನೇ ಕೀಲೆಣ್ಣೆ ಮಾಡುತ್ತಿದ್ದ. ಎತ್ತು ಮೇವು ಬಿಟ್ಟರೆ ನಾಲಿಗೆ ಎಳೆದು ನೋಡಿ, ಏನು ಅರೆದು ಗೊಟ್ಟ ಹಾಕಬೇಕೋ ಗೊತ್ತಿತ್ತು ಅವನಿಗೆ. ಈ ಗಾಡಿಗೆ ನಾನು ಕೊಟ್ಟದ್ದು ಆಯುಧಪೂಜೆಗೆ ಕುಂಬಳಕಾಯಿ, ವರ್ಷಕ್ಕೊಂದು ಹೂವಿನ ಹಾರ. ಕಂಪನಿಯ ಪುಸ್ತಕ ಬೀರುವಿನಲ್ಲಿ ಪಹಣಿಗಳ ಕೆಳಗೆ ಸಿಕ್ಕಿತು, ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಯಾವ ಎಣ್ಣೆ, ಎಷ್ಟು ಲೀಟರ್, ಎಲ್ಲ ಒಂದೇ ಪುಟದಲ್ಲಿ.

ಹಳೆಯದನ್ನೆಲ್ಲ ಇಳಿಸಿ, ಜಾಲರಿ ತೊಳೆದು, ಫಿಲ್ಟರ್ ಬದಲಿಸಿ, ನೀರು ಒಳಬಿಟ್ಟಿದ್ದ ಸೀಲಿನ ಜಾಗಕ್ಕೆ ಹೊಸದು ಹಾಕಿಸಿ ಸರಿಯಾದ ಎಣ್ಣೆ ತುಂಬಿಸುವಷ್ಟರಲ್ಲಿ ಪಕ್ಕದ ಗದ್ದೆಯವರು ನಾಟಿ ಮುಗಿಸಿದ್ದರು.

ಗುರುವಾರ ಸಂಜೆ ಡ್ರೈವರ್ ಹುಡುಗ ಗದ್ದೆಯಿಂದ ಬಂದವನು, ಅಂಗಳದ ಬಾಗಿಲ ಹತ್ತಿರ ಬೇಕಂತಲೇ ಬ್ರೇಕ್ ತುಳಿದ. ಕಿರುಚಾಟ ಪೂರ್ತಿ ಹೋಗಿರಲಿಲ್ಲ, ಮುಕ್ಕಾಲುಪಾಲು ಇಳಿದಿತ್ತು. ಅವನು ಕೆಳಗಿಳಿಯದೆ ನನ್ನನ್ನೇ ನೋಡಿದ. ನಾನು ಹಸುವಿಗೆ ನೀರಿಡಲು ಹೊರಟೆ.